ಇಲಿ ಕಡಿದ ನಾಲ್ಕು ವೈರು

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದರೆ ಗದ್ದೆಯ ಇಲಿಗಳು ಹುಲ್ಲಿನ ಮೆದೆಗೆ, ಕೊಟ್ಟಿಗೆಗೆ, ಪಕ್ಕದಲ್ಲಿ ನಿಂತ ಕಾರಿನ ಬಾನೆಟ್ಟಿನೊಳಕ್ಕೂ ನುಗ್ಗುತ್ತವೆ. ಮೊನ್ನೆ ಮಂಡ್ಯದ ಗ್ಯಾರೇಜಿಗೆ ಬಂದ ಪೆಟ್ರೋಲ್ ಕಾರಿನಲ್ಲಿ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಮುಂದಿನ ಆಕ್ಸಿಜನ್ ಸೆನ್ಸರಿನ ವೈರುಗಳನ್ನು ಕನೆಕ್ಟರ್ ಸಮೇತ ಕಡಿದಿದ್ದವು. ಊರಲ್ಲಿ ಯಾರೋ ಬಣ್ಣ ನೋಡಿ ಜೋಡಿಸಿ ಟೇಪು ಸುತ್ತಿದ್ದರು. ಚೆಕ್ ಎಂಜಿನ್ ದೀಪ ಆರಿರಲಿಲ್ಲ. ಸ್ಕ್ಯಾನರಿನಲ್ಲಿ ಪಿ0135, ಅಂದರೆ ಸೆನ್ಸರನ್ನು ಬಿಸಿ ಮಾಡುವ ಹೀಟರ್ ಸರ್ಕ್ಯೂಟಿನ ದೋಷ.

“ಬಿಳೀದಕ್ಕೆ ಬಿಳೀದು, ಕರೀದಕ್ಕೆ ಕರೀದು ಸೇರ್ಸಿದ್ರೆ ಆಗಲ್ವಾಣ್ಣ?” ಅಂದರು ಕಾರಿನವರು. ಆಗಲ್ಲ. ಬಣ್ಣದ ಲೆಕ್ಕ ಸೆನ್ಸರಿನ ಕಡೆಗೆ ಮಾತ್ರ. ಬಾಷ್ ಕಂಪನಿಯ ಮಾದರಿಯಲ್ಲಿ ಎರಡು ಬಿಳಿ ಹೀಟರಿನವು, ಕಪ್ಪು ಸಿಗ್ನಲ್, ಬೂದು ಸಿಗ್ನಲ್ಲಿನ ಅರ್ತ್. ಡೆನ್ಸೋ ಕಂಪನಿಯದರಲ್ಲಿ ಸಾಮಾನ್ಯವಾಗಿ ಎರಡು ಕಪ್ಪು ಹೀಟರಿಗೆ, ನೀಲಿ ಸಿಗ್ನಲ್, ಬಿಳಿ ಅರ್ತ್. ಒಂದರಲ್ಲಿ ಹೀಟರ್ ಆದ ಬಿಳಿ ಇನ್ನೊಂದರಲ್ಲಿ ಅರ್ತ್! ಕಾರಿನ ಹಾರ್ನೆಸ್ಸಿನ (ವೈರುಗಳ ಕಂತೆಯ) ಬಣ್ಣವಂತೂ ಕಂಪನಿಗೊಂದು ತರ. ಸಿಗ್ನಲ್ ವೈರಿಗೆ 12 ವೋಲ್ಟ್ ಹೋದರೆ ಸೆನ್ಸರ್ ಜೊತೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೂಡ ಸುಡಬಹುದು.

ಹಾಗಾಗಿ ಹಳೇ ಜೋಡಣೆಯನ್ನೆಲ್ಲ ಬಿಚ್ಚಿ ಮೀಟರ್ ಹಿಡಿಯಬೇಕಾಯಿತು. ಬಾಷ್ ಮಾದರಿಯ ಈ ಸೆನ್ಸರಿನ ಎರಡು ಬಿಳಿಗಳ ನಡುವೆ ತಣ್ಣಗಿರುವಾಗ 9 ಓಮ್. 3ರಿಂದ 15ರೊಳಗಿದ್ದರೆ ಹೀಟರ್ ಜೀವಂತ. ಕಪ್ಪು-ಬೂದು ನಡುವೆ ಓಮ್ ಅಳೆಯಬೇಡಿ, ಮೀಟರ್ ಹಾಯಿಸುವ ಕರೆಂಟು ಸೆನ್ಸರಿಗೆ ಒಳ್ಳೆಯದಲ್ಲ. ಹಾರ್ನೆಸ್ ಕಡೆ ಮೊದಲು ಕೀ ಆಫ್ ಇಟ್ಟು ಕಾರಿನ ಲೋಹದ ಮೈಗೆ ಕಂಟಿನ್ಯುಟಿ (ಸಂಪರ್ಕ) ನೋಡಿದೆವು, ಅರ್ತ್ ಸಿಕ್ಕಿತು. ಕೀ ಆನ್ ಮಾಡಿದರೆ ಹೀಟರಿನ ವೈರಿನಲ್ಲಿ 12 ವೋಲ್ಟ್ ಇಲ್ಲ. ತುಂಡಾದ ತಾಮ್ರ ಕಾರಿನ ಮೈಗೆ ತಾಗಿ ಫ್ಯೂಸ್ ಹೋಗಿತ್ತು. ಫ್ಯೂಸ್ ಬದಲಿಸಿದ ಮೇಲೆ ಆ ವೈರು ಗೊತ್ತಾಯಿತು. ಇನ್ನೊಂದರಲ್ಲಿ 0.45 ವೋಲ್ಟ್, ಅದೇ ಸಿಗ್ನಲ್. ಕೆಲವು ಇಸಿಯು ಈ ವೋಲ್ಟೇಜ್ ಕೊಡುವುದಿಲ್ಲ. ಕೊಡದಿದ್ದರೆ ವೈರಿಂಗ್ ಚಿತ್ರ ನೋಡದೆ ಜೋಡಿಸಬೇಡಿ. ಉಳಿದದ್ದು ಇಸಿಯು ಹೀಟರನ್ನು ಅರ್ತ್ ಮಾಡುವ ವೈರು. ಎಂಜಿನ್ ಓಡಿಸಿ, ಅದಕ್ಕೂ 12 ವೋಲ್ಟಿಗೂ ನಡುವೆ 5 ವ್ಯಾಟ್ ಬಲ್ಬ್ ಹಿಡಿದರೆ ಹತ್ತಿತು. ಹೀಟರಿನ ಎರಡು ಬಿಳಿಗಳಲ್ಲಿ ಯಾವುದು ಎಲ್ಲಿಗೆ ಹೋದರೂ ತೊಂದರೆಯಿಲ್ಲ.

ಇದೆಲ್ಲ ನಾಲ್ಕು ವೈರಿನದಕ್ಕೆ ಮಾತ್ರ. ಐದಾರು ವೈರಿನ ವೈಡ್‌ಬ್ಯಾಂಡ್ ಸೆನ್ಸರಿಗೆ ಈ ಪರೀಕ್ಷೆ ಸಲ್ಲದು.

ಜೋಡಿಸುವಾಗ ಬೆಸುಗೆ ಹಾಕಲೇಬಾರದು. ಬಹಳಷ್ಟು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ಈ ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ; ಬೆಸುಗೆಯ ಫ್ಲಕ್ಸ್, ಗ್ರೀಸು ಒಳಗಿಳಿದರೆ ರೀಡಿಂಗ್ ಕೆಡುತ್ತದೆ. ಕ್ರಿಂಪ್ (ಲೋಹದ ಕೊಳವೆ) ಒತ್ತಿ, ನಾಲ್ಕು ಕೀಲೂ ಒಂದೇ ಕಡೆ ಬರದಂತೆ ಹಿಂದೆ ಮುಂದೆ ಮಾಡಿ ಸ್ಲೀವ್ ಹಾಕಿ, ಎಕ್ಸಾಸ್ಟಿನಿಂದ ದೂರ ಕಟ್ಟಿದೆವು.

ಕೋಡ್ ಅಳಿಸಿ ಎಂಜಿನ್ ಕಾಯಿಸಿ 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಏರಿಳಿಯತೊಡಗಿತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನದು 0.65ರ ಆಸುಪಾಸಿನಲ್ಲಿ ಅಲುಗದೆ ನಿಂತಿತ್ತು. ಎರಡೂ ಹಾಗೇ ಇರಬೇಕು.