ಫಿಶ್ ಟ್ಯಾಂಕ್ ಡೈರಿ: ಮುಚ್ಚಳಕ್ಕೆ ಮೂರನೇ ಪ್ರಯತ್ನ

ಜೂನ್ 9
ಬೆಳಿಗ್ಗೆ ಕಸ ಗುಡಿಸುತ್ತಿದ್ದ ಅಮ್ಮ, "ಇಲ್ಲೊಂದು ಮೀನು ಬಿದ್ದಿದೆ ನೋಡೋ" ಎಂದು ಕರೆದರು. ಸೋಫಾ ಕೆಳಗೆ ಒಣಗಿದ ಜೀಬ್ರಾ ಡೇನಿಯೊ, ಸುತ್ತ ಇರುವೆ ಸಾಲು. ಒಂದೇ ತಿಂಗಳಲ್ಲಿ ಇದು ಎರಡನೆಯದು. ಎಗರುವ ಮೀನು ಅಂತ ಗೊತ್ತಿದ್ದೂ ಟ್ಯಾಂಕ್ ತೆರೆದಿಟ್ಟಿದ್ದು ನನ್ನದೇ ತಪ್ಪು. ಮುಚ್ಚಿದರೆ ಗಿಡಗಳಿಗೆ ಬೆಳಕು ಸಾಲದು ಅನ್ನುವ ಭಯ, ಅಷ್ಟೇ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಕಿಟಕಿ ಬೆಳಕನ್ನು ನಂಬುವ ಹಾಗಿಲ್ಲ. ಮಧ್ಯಾಹ್ನ ಎರಡು ಗಂಟೆಗೂ ಒಳಗೆ ಲೈಟ್ ಬೇಕು. ನೀರೊಳಗೆ ಬೆಳೆಯುವ ಉದ್ದೆಲೆಯ ಗಿಡ ವ್ಯಾಲಿಸ್ನೇರಿಯಾಗೆ ಗತಿ ಅಂದರೆ ಮೇಲಿರುವ ಎಲ್‌ಇಡಿ ಒಂದೇ.

ಸದ್ಯಕ್ಕೆ ಕಿಟಕಿಗೆ ತಂದು ಉಳಿದಿದ್ದ ಕಪ್ಪು ಸೊಳ್ಳೆ ಜಾಲರಿ ಹೊದಿಸಿದೆ.

ಜೂನ್ 11
ಜಾಲರಿ ಹಾಕಿದ ಮೇಲೆ ಟ್ಯಾಂಕ್ ಮಂಕಾಗಿ ಕಂಡಿತು. ಕಣ್ಣಳತೆ ಬೇಡ ಅಂತ ಎರಡು ಕಡೆ ಪುಸ್ತಕ ಜೋಡಿಸಿ ಮೇಲೆ ಎಲ್‌ಇಡಿ ಇಟ್ಟು, ಒಂದಡಿ ಕೆಳಗೆ ಫೋನ್ ಇಟ್ಟು ಅಳೆದೆ. ಫೋನಿನ ಲಕ್ಸ್ (ಬೆಳಕಿನ ಅಳತೆ) ಲೆಕ್ಕ ಪಕ್ಕಾ ಅಲ್ಲ, ಆದರೆ ಹೋಲಿಸಿ ನೋಡಲು ಸಾಕು. ಏನೂ ಇಲ್ಲದಾಗ 5200, ಜಾಲರಿ ಇಟ್ಟಾಗ 3400. ಸಂಜೆಯೇ ತೆಗೆದೆ.

ಶಿವಮೊಗ್ಗಕ್ಕೆ ಹೋದಾಗ 3 ಮಿ.ಮೀ. ಅಕ್ರಿಲಿಕ್ ಶೀಟ್ (ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್) ಕತ್ತರಿಸಿಕೊಂಡು ತಂದೆ. ಅದರಲ್ಲಿ 4800 ಬಂತು! ಹಗುರ ಬೇರೆ.

ಜೂನ್ 23
ಅಕ್ರಿಲಿಕ್ ಜೋತು ಬಿದ್ದಿದೆ. ನಡು ಕೆಳಗೆ, ತುದಿಗಳು ಮೇಲೆ. ಈ ಪ್ಲಾಸ್ಟಿಕ್ ನೀರು ಹೀರುತ್ತದೆ. ಕೆಳಮುಖ ಸದಾ ಒದ್ದೆ, ಮೇಲ್ಮುಖ ಲೈಟಿನ ಬಿಸಿಗೆ ಒಣಗಿರುತ್ತದೆ. ಒದ್ದೆ ಮುಖ ಹಿಗ್ಗಿ ಹಾಳೆ ಬಾಗುತ್ತದೆ. ಮಗುಚಿ ಹಾಕಿದರೆ ಸರಿಹೋಗುತ್ತದೆ, ಆದರೆ ವಾರ ವಾರ ದೋಸೆ ಮಗುಚಿದ ಹಾಗೆ ಮಗುಚುತ್ತಾ ಕೂರುವುದು ಯಾರು? ಒರೆಸಿದ ಕಡೆಯೆಲ್ಲ ಗೀರು ಬೇರೆ.

ಜೂನ್ 25
ಗಾಜು. 4 ಮಿ.ಮೀ., ಅಂಚು ಉಜ್ಜಿಸಿ, 30 ಸೆಂ.ಮೀ. ಚೌಕದ ಎರಡು ತುಂಡು. ಎರಡಡಿ ಟ್ಯಾಂಕಿಗೆ ಒಂದೇ ಹಲಗೆ ಆದರೆ ಸುಮಾರು 1.8 ಕೆ.ಜಿ. ತೂಗುತ್ತದೆ, ಒದ್ದೆ ಕೈಯಲ್ಲಿ ಎತ್ತಲು ಹೆದರಿಕೆ. ಅಳತೆ 4650. ಅಕ್ರಿಲಿಕ್‌ಗಿಂತ ಚೂರು ಕಮ್ಮಿ, ಇರಲಿ.

ಜುಲೈ 16
ಗಿಡದ ಹಳೆ ಎಲೆ ಹಳದಿಯಾಗುತ್ತಿದೆ. ಇದ್ದ ಹಾಗೇ ಗಾಜು ತೆಗೆದು ಮತ್ತೆ ಪುಸ್ತಕದ ಮೇಲಿಟ್ಟೆ: 3700! ಕೆಳಗೆ ಹನಿ ಮತ್ತು ಪಾಚಿಯ ತೆಳು ಪದರ, ಮೇಲೆ ಧೂಳು ಮತ್ತು ಚೆಲ್ಲಿದ ಮೀನಿನ ಆಹಾರ. ಬಟ್ಟೆಯಲ್ಲಿ ಒರೆಸಿದೆ, 4600. ಅಂದರೆ ಇಷ್ಟು ದಿನ ನಾನು ತಲೆ ಕೆಡಿಸಿಕೊಂಡಿದ್ದ ಗಾಜು–ಅಕ್ರಿಲಿಕ್ ವ್ಯತ್ಯಾಸ 150, ಮೂರು ವಾರದ ಕೊಳೆ ತಿಂದಿದ್ದು 950. ನಮ್ಮ ಬಾವಿ ನೀರು ಮೆದು, ಅದೇ ಪುಣ್ಯ. ಗಡಸು ಬೋರ್‌ವೆಲ್ ನೀರಾದರೆ ಬಿಳಿ ಸುಣ್ಣದ ಕಲೆಯೂ ಕೂರುತ್ತದೆ, ಅದಕ್ಕೆ ವಿನೆಗರ್ ಹಾಕಿ ಉಜ್ಜಬೇಕು.

ಈಗ ಭಾನುವಾರ ಭಾನುವಾರ ಒರೆಸುವುದು.

ಜುಲೈ 19
ಗಾಜಿನ ಮುಂದಿನ ಅಂಚಿಗೆ 6 ಮಿ.ಮೀ. ರಬ್ಬರ್ ತುಂಡು ಕೊಟ್ಟು ಎತ್ತಿದೆ. ಹೆಂಚಿನ ಮಾಡಿನ ಕೆಳಗೆ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು! ಸಣ್ಣ ಹನಿ ಅಂಟಿಕೊಂಡೇ ಇರುತ್ತವೆ, ದೊಡ್ಡವು ಹಿಂದಕ್ಕೆ ಜಾರಿ ಟ್ಯಾಂಕಿಗೇ ಬೀಳುತ್ತವೆ. ಆ ಸಂದಿನಲ್ಲಿ ಗಾಳಿಯೂ ಆಡುತ್ತದೆ. ಕರೆಂಟ್ ಹೋಗಿ ಏರ್ ಪಂಪ್ ನಿಂತಾಗ ಅದು ಬೇಕು, ಇಲ್ಲಿ ಮಳೆ ಗಾಳಿ ಜೋರಾದರೆ ಕರೆಂಟ್ ಹೋಗುವುದು ಗ್ಯಾರಂಟಿ ಅಲ್ವಾ. ಪೈಪ್ ಹೋಗುವ ಮೂಲೆಗೆ ಅದೇ ಹಳೆ ಜಾಲರಿಯ ಚೂರು.

ಗಾಜು ಎತ್ತಲು ಹಿಡಿ ಇರಲಿಲ್ಲ. ಜ್ಯೂಸ್ ಬಾಟಲಿಯ ಎರಡು ಮುಚ್ಚಳ ಸಿಲಿಕೋನ್‌ನಲ್ಲಿ ಅಂಟಿಸಿದ್ದೇನೆ. ಆ ಅಂಟು ಒಣಗುವಾಗ ಮನೆಯೆಲ್ಲ ವಿನೆಗರ್ ವಾಸನೆ. 24 ಗಂಟೆ ಮುಟ್ಟುವ ಹಾಗಿಲ್ಲ, ಅಲ್ಲಿವರೆಗೆ ಟ್ಯಾಂಕಿನ ಮೇಲೆ ಅಮ್ಮನ ಮೊರ.