ಹಾಡಿಕೊಂಡು ಅಳುವುದು ನಿಜವಾದ ಅಳುವೇ?

ನಾನು ಉತ್ತರ ಕರ್ನಾಟಕದ ಹಳ್ಳಿಯವಳು ಅಂತ ಗೊತ್ತಾದರೆ ಬೆಂಗಳೂರಿನ ಗೆಳತಿಯರು ಇದನ್ನು ಕೇಳಿಯೇ ಕೇಳುತ್ತಾರೆ: "ನಿಮ್ಮ ಕಡೆ ಹೆಣದ ಮುಂದೆ ಕೂತು ಹಾಡಿಕೊಂಡು ಅಳ್ತಾರಲ್ಲ, ಅದು ನಿಜವಾದ ದುಃಖಾನಾ, ತೋರಿಕೆನಾ?"

ನಿಜವಾದ ದುಃಖವೇ. ಅಳುವವರು ದುಡ್ಡಿಗೆ ಬಂದವರಲ್ಲ. ಅಕ್ಕ, ತಂಗಿ, ಸೊಸೆ, ಓಣಿಯ ಹೆಂಗಸರು. ಹೊಸದಾಗಿ ಯಾರಾದರೂ ಬಂದರೆ ಅಳು ಮತ್ತೆ ಜೋರಾಗುತ್ತದೆ. ಬಂದವರು ಮನೆಯವರನ್ನು ತಬ್ಬಿಕೊಂಡು ಅಳುತ್ತಾರೆ. ಸ್ವಲ್ಪ ಹೊತ್ತಿಗೆ ಹಿರಿಯಳೊಬ್ಬಳು "ಸಾಕವ್ವ, ಸುಮ್ಮನಾಗು" ಅನ್ನುತ್ತಾಳೆ. ಆಮೇಲೆ ಅಷ್ಟು ಹೊತ್ತು ಅಳುತ್ತಿದ್ದ ಮನೆಯ ಹೆಂಗಸೇ ಕಣ್ಣೊರೆಸಿಕೊಂಡು "ಯಾವ ಬಸ್ಸಿಗೆ ಬಂದ್ರಿ?" ಅಂತ ಕೇಳುತ್ತಾಳೆ. ಹೊರಗಿನವರಿಗೆ ಅನುಮಾನ ಬರುವುದು ಇಲ್ಲೇ.

ಆದರೆ ಆ ಅಳುವಿನ ಮಾತುಗಳನ್ನು ಕಿವಿಗೊಟ್ಟು ಕೇಳಿ. ಸತ್ತವಳು ತವರಿಗೆ ಬಂದ ಮಗಳಿಗೆ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಅದರಲ್ಲಿರುತ್ತದೆ. ಎಲ್ಲರೂ ಉಂಡ ಮೇಲೆ ಅವಳು ಉಳಿದದ್ದನ್ನು ಉಂಡದ್ದು ಇರುತ್ತದೆ. ಕೊನೆಗಾಲದಲ್ಲಿ ನೋಡಲು ಬಾರದ ತಮ್ಮನ ಮೇಲಿನ ಸಿಟ್ಟೂ ಇರುತ್ತದೆ, ಅವನ ಎದುರಿಗೇ! ಬೇರೆ ದಿನ ಹಿರಿಯರ ಮುಂದೆ ತುಟಿ ಬಿಚ್ಚದ ಸೊಸೆ ಆ ದಿನ ಎಲ್ಲವನ್ನೂ ಹೇಳಿಕೊಂಡು ಅಳಬಹುದು. ಯಾರೂ ತಡೆಯುವುದಿಲ್ಲ. ಇಷ್ಟು ಜಾಗ ಹೆಂಗಸರಿಗೆ ಬೇರೆ ಎಲ್ಲಿ ಸಿಗುತ್ತದೆ?

1906ರಿಂದ 1908ರವರೆಗೆ ಅಂಡಮಾನಿನಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ ಅವರೂ ಇಂಥದ್ದನ್ನೇ ಕಂಡರು. ಅಲ್ಲಿನವರು ಸಾವಿನಲ್ಲಷ್ಟೇ ಅಲ್ಲ, ಬಹಳ ದಿನದ ಮೇಲೆ ಭೇಟಿಯಾದಾಗ, ಮದುವೆಯಲ್ಲಿ, ಜಗಳ ಮುಗಿಸಿ ರಾಜಿಯಾದಾಗಲೂ ಸಂಪ್ರದಾಯದಂತೆ ಅಳುತ್ತಿದ್ದರು. ಆದರೂ ಆ ಕಣ್ಣೀರು ನಿಜವಾದದ್ದೇ. ಹೀಗೆ ಅಳುವುದರಿಂದ ಜನರ ನಡುವಿನ ನಂಟು ಗಟ್ಟಿಯಾಗುತ್ತದೆ ಎಂದು ಅವರು ವಿವರಿಸಿದರು. ನಮ್ಮೂರಿನ ಸಾವಿನ ಮನೆಗಳಲ್ಲಿ ಕೂತು ಬೆಳೆದ ನನಗೆ ಇದು ಪೂರ್ತಿ ಒಪ್ಪಿಗೆ. ಅಳುವ ಹೊತ್ತನ್ನು ಪದ್ಧತಿ ಹೇಳುತ್ತದೆ ಅಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ನಗರದ ಅಪಾರ್ಟ್‌ಮೆಂಟಿನಲ್ಲಿ ಸದ್ದಿಲ್ಲದೆ ಕೈಮುಗಿದು ನಿಲ್ಲುವುದೂ ಕಲಿತ ಪದ್ಧತಿಯೇ ಅಲ್ವಾ? ಅದನ್ನು ತೋರಿಕೆ ಅಂತ ಯಾರೂ ಅನ್ನುವುದಿಲ್ಲ.

ನನಗೆ ಸಂಕಟವಾಗುವುದು ನಮ್ಮೂರಿನ ಗಂಡಸರನ್ನು ನೋಡಿದಾಗ. ತಾಯಿ ಸತ್ತ ಮಗ ಹೊರಗೆ ಓಡಾಡುತ್ತಿರುತ್ತಾನೆ. ನೆಂಟರಿಗೆ ಫೋನ್ ಮಾಡಬೇಕು, ಕುಣಿ ತೋಡಿಸಬೇಕು, ಹೂವು ತರಿಸಬೇಕು. ಕಣ್ಣು ತುಂಬಿದರೆ "ನೀನ ಹಿಂಗ ಮಾಡಿದ್ರ ಹೆಣ್ಮಕ್ಕಳಿಗೆ ಸಮಾಧಾನ ಹೇಳೋರು ಯಾರು?" ಅನ್ನುತ್ತಾರೆ. ಭಜನೆ ಇಡಿಸುವ ಮನೆಯಾದರೆ ಅವನೂ ರಾತ್ರಿಯಿಡೀ ತಾಳ ಹಿಡಿದು ದನಿಗೂಡಿಸಬಹುದು. ಭಜನೆ ಇಲ್ಲದ ಮನೆಯಲ್ಲಿ ಅವನಿಗೆ ಅದೂ ಇಲ್ಲ.