ಪಿಸ್ತೂಲಿಗೆ ಯಾವ ಲೈಟ್ ಹಾಕಿಸಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸಿನ ಉತ್ತರಕ್ಕಿರುವ ಪ್ಲೇನೋ, ಫ್ರಿಸ್ಕೋ ಊರುಗಳಲ್ಲಿ ನಮ್ಮವರು ಸೇರುವ ಯಾವ ಸಮಾರಂಭಕ್ಕೆ ಹೋದರೂ, ಊಟದ ತಟ್ಟೆ ಕೈಗೆ ಬರುವಷ್ಟರಲ್ಲಿ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸುತ್ತಾರೆ. “ಸರ್, ಮನೇಲಿ ಇಟ್ಕೊಳ್ಳೋಕೆ ಒಂದು ಪಿಸ್ತೂಲು ತಗೊಂಡಿದೀನಿ. ಅದಕ್ಕೆ ಯಾವ ಲೈಟ್ ಹಾಕಿಸ್ಲಿ? ಲೇಸರ್ರೂ ಬೇಕಾ? ಒಂದು ಹೆಸರು ಹೇಳ್ಬಿಡಿ ಸಾಕು.” ವಾರಾಂತ್ಯಗಳಲ್ಲಿ ನಾನು ಒಂದು ಶೂಟಿಂಗ್ ರೇಂಜಿನಲ್ಲಿ ಹೊಸಬರಿಗೆ ಸುರಕ್ಷತೆಯ ಪಾಠ ಹೇಳಿಕೊಡುವುದು ಎಲ್ಲರಿಗೂ ಗೊತ್ತಾಗಿರುವುದರಿಂದ ಈ ಪ್ರಶ್ನೆ ನನ್ನ ಬಳಿಗೇ ಬರುತ್ತದೆ. ನಿಂತಲ್ಲಿ ಐದು ನಿಮಿಷದಲ್ಲಿ ಉತ್ತರಿಸಿ ಉತ್ತರಿಸಿ ನನಗೆ ಸಾಕಾಗಿದೆ. ಅದಕ್ಕಿಂತ ಹೆಚ್ಚಾಗಿ, ಐದು ನಿಮಿಷದ ಉತ್ತರ ತಪ್ಪು ಉತ್ತರವಾಗುತ್ತದೆಂಬ ಭಯವಿದೆ. ಆದ್ದರಿಂದ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ; ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಲೈಟಿನ, ಅಂದರೆ ಪಿಸ್ತೂಲಿನ ನಳಿಗೆಯ ಕೆಳಗೆ ಕಟ್ಟುವ ಪುಟ್ಟ ಟಾರ್ಚಿನ, ಮಾತಿಗೆ ಮುನ್ನ ಒಂದು ವಿಷಯ ಹೇಳಲೇಬೇಕು. ನೀವು ಎಚ್-1ಬಿ ವೀಸಾದ ಮೇಲೆ ಇಲ್ಲಿದ್ದರೆ, ಪಿಸ್ತೂಲನ್ನು ಹೊಂದಿರುವುದೇ ಸಾಮಾನ್ಯವಾಗಿ ಫೆಡರಲ್ ಕಾನೂನಿಗೆ ವಿರುದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯಿದೆ ನಿಜ, ಆದರೆ ಅದನ್ನು ಸ್ನೇಹಿತರ ಮಾತು ಕೇಳಿ ನಂಬಬಾರದು, ವಕೀಲರನ್ನೇ ಕೇಳಬೇಕು. ಟೆಕ್ಸಸ್ ರಾಜ್ಯ 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಇಲ್ಲದೆಯೇ ಕೈಬಂದೂಕು ಒಯ್ಯಲು ಅವಕಾಶ ಕೊಟ್ಟಿತೆಂಬುದು ಈ ಫೆಡರಲ್ ನಿಯಮವನ್ನು ಸ್ವಲ್ಪವೂ ಬದಲಿಸುವುದಿಲ್ಲ. ಗ್ರೀನ್ ಕಾರ್ಡ್ ಬಂದವರ ಮಾತು ಬೇರೆ. ಇದನ್ನು ಹೇಳಿದಾಗ ಮುಖ ಸಣ್ಣದು ಮಾಡಿಕೊಂಡವರನ್ನು ನೋಡಿದ್ದೇನೆ. ಆದರೂ ಹೇಳದೇ ಇರಲಾರೆ.

ಇನ್ನು ಪ್ರಶ್ನೆಯನ್ನು ಕೇಳುವ ಧಾಟಿ. “ಎಷ್ಟು ಲ್ಯೂಮೆನ್ ಸರ್?” ಎಂದು ಕೇಳುತ್ತಾರೆ, ಮಿಕ್ಸಿಗೆ ಎಷ್ಟು ವ್ಯಾಟ್ ಎಂದು ಕೇಳಿದ ಹಾಗೆ. ಲ್ಯೂಮೆನ್ ಎಂದರೆ ದೀಪ ಹೊರಸೂಸುವ ಒಟ್ಟು ಬೆಳಕು. ಆ ಬೆಳಕು ಒಂದು ದಿಕ್ಕಿನಲ್ಲಿ ಎಷ್ಟು ತೀವ್ರವಾಗಿ ಕೇಂದ್ರೀಕರಿಸಿದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ. ಸ್ಟ್ರೀಮ್‌ಲೈಟ್ ಕಂಪನಿಯ ಟಿಎಲ್‌ಆರ್-1 ಎಚ್‌ಎಲ್ 1,000 ಲ್ಯೂಮೆನ್ ಮತ್ತು 20,000 ಕ್ಯಾಂಡೆಲಾ ಕೊಡುತ್ತದೆ. ಶ್ಯೂರ್‌ಫೈರ್ ಕಂಪನಿಯ ಎಕ್ಸ್300 ಟರ್ಬೋ ಕೇವಲ 650 ಲ್ಯೂಮೆನ್ ಕೊಟ್ಟರೂ 66,000 ಕ್ಯಾಂಡೆಲಾ ತಲುಪುತ್ತದೆ. ಲ್ಯೂಮೆನ್ ಮಾತ್ರ ನೋಡಿದವರು ಎರಡನೆಯದನ್ನು ದುರ್ಬಲವೆನ್ನುತ್ತಾರೆ. ವಾಸ್ತವದಲ್ಲಿ ಅದು ಬಯಲಿನಲ್ಲಿ ಬಹುದೂರದವರೆಗೆ ಚುಚ್ಚಿಕೊಂಡು ಹೋಗುವ ಕಿರಿದಾದ ಬೆಳಕು. ಮೊದಲನೆಯದು ಕೋಣೆಯ ಮೂಲೆ ಮೂಲೆಗೂ ಹರಡುವ ಬೆಳಕು.

ನಿಮ್ಮ ಮನೆಯ ಹಜಾರದ ಉದ್ದ ಹತ್ತು ಮೀಟರ್ ಇದ್ದರೆ ಹೆಚ್ಚು. ಅಲ್ಲಿ ನಿಮಗೆ ಬೇಕಾಗಿರುವುದು ಒಬ್ಬ ಮನುಷ್ಯನ ಮುಖ, ಎರಡು ಕೈ, ಆ ಕೈಗಳಲ್ಲಿ ಏನಿದೆಯೆಂಬುದು, ಅವನ ಅಕ್ಕಪಕ್ಕ ಯಾರಿದ್ದಾರೆಂಬುದು, ಇವೆಲ್ಲ ಒಂದೇ ಸಲಕ್ಕೆ ಕಾಣಿಸುವ ಬೆಳಕು. 500ರಿಂದ 1,000 ಲ್ಯೂಮೆನ್ ಧಾರಾಳವಾಗಿ ಸಾಕು. ಸುಣ್ಣದ ಬಿಳಿಯ ಗೋಡೆಗೆ ಬಡಿದು ಹಿಂತಿರುಗುವ ಬೆಳಕು ನಿಮ್ಮ ಕಣ್ಣಿಗೂ ಹೊಡೆಯುತ್ತದೆ ಎಂಬುದನ್ನು ಕೊಳ್ಳುವ ಮುನ್ನ ಯಾರೂ ಯೋಚಿಸುವುದಿಲ್ಲ. ಹೆಸರು ಬೇಕೇ ಬೇಕೆನ್ನುವವರಿಗೆ ಹೇಳುತ್ತೇನೆ: ಮನೆಯಲ್ಲೇ ಇರುವ ದೊಡ್ಡ ಪಿಸ್ತೂಲಿಗೆ ಟಿಎಲ್‌ಆರ್-1 ಎಚ್‌ಎಲ್, ಸೊಂಟದಲ್ಲಿ ಒಯ್ಯುವ ಚಿಕ್ಕದಕ್ಕೆ 500 ಲ್ಯೂಮೆನ್‌ನ ಟಿಎಲ್‌ಆರ್-7ಎ. ಮೊದಲನೆಯದಕ್ಕೆ ಸಿಆರ್123ಎ ಎಂಬ ಲಿಥಿಯಂ ಸೆಲ್ ಎರಡು ಬೇಕು, ಎರಡನೆಯದಕ್ಕೆ ಒಂದು. ಲೈಟ್ ಹಾಕಿದ ಪಿಸ್ತೂಲು ಹಳೆಯ ಹೋಲ್‌ಸ್ಟರ್‌ಗೆ (ಪಿಸ್ತೂಲನ್ನಿಡುವ ಸೊಂಟದ ಚೀಲಕ್ಕೆ) ಹಿಡಿಸುವುದಿಲ್ಲ. ಅದೇ ಲೈಟಿನ ಅಚ್ಚಿಗೆ ಮಾಡಿದ ಹೋಲ್‌ಸ್ಟರ್ ಕೊಳ್ಳಬೇಕು. ಲೈಟ್ ಕಟ್ಟಿದ ಮೇಲೆ ರೇಂಜಿಗೆ ಹೋಗಿ ನೂರು ಗುಂಡನ್ನಾದರೂ ಹಾರಿಸಿ, ಪಿಸ್ತೂಲು ಎಲ್ಲೂ ಸಿಕ್ಕಿಕೊಳ್ಳದೆ ನಡೆಯುತ್ತದೆಯೇ, ಲೈಟಿನ ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡಬೇಕು.

ಇದಿಷ್ಟನ್ನು ಪೆಟ್ಟಿಗೆಯ ಮೇಲೇ ಓದಿಕೊಳ್ಳಬಹುದು. ಯಾರೂ ಕೇಳದ, ಆದರೆ ನಿಜವಾಗಿ ಪ್ರಾಣಕ್ಕೆ ಸಂಬಂಧಿಸಿದ ಭಾಗವೆಂದರೆ ಸ್ವಿಚ್ಚು. ಲೈಟನ್ನು ಹೊತ್ತಿಸುವ ಬೆರಳು ಯಾವುದು? ಪಿಸ್ತೂಲನ್ನು ಎರಡು ಕೈಯಲ್ಲಿ ಹಿಡಿದಾಗ ಆಸರೆಯ ಕೈಯ ಹೆಬ್ಬೆರಳಿನಿಂದ ಸ್ವಿಚ್ಚನ್ನು ಒತ್ತುವುದು ಸರಿಯಾದ ಕ್ರಮ. ಟ್ರಿಗರ್ ಎಳೆಯುವ ಬೆರಳಿಗೆ ಇನ್ನೊಂದು ಕೆಲಸ ಕೊಡಲೇಬಾರದು. ಹಿಡಿಯ ಮುಂಭಾಗದಲ್ಲಿ, ಮಧ್ಯದ ಬೆರಳಿನ ಕೆಳಗೆ ಕೂರುವ ಒತ್ತುಸ್ವಿಚ್ಚುಗಳೂ ಬಂದವು. 2010ರಲ್ಲಿ, ಇದೇ ಪ್ಲೇನೋದಲ್ಲಿ, ಮಾದಕವಸ್ತುವಿನ ಕಾರ್ಯಾಚರಣೆಯೊಂದರಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಲೈಟ್ ಹೊತ್ತಿಸಲು ಹೋಗಿ ಟ್ರಿಗರ್ ಎಳೆದೆನೆಂದು ಹೇಳಿದರು; ಎದುರಿಗಿದ್ದ ಯುವಕ ಸತ್ತುಹೋದ. ಭಯದಲ್ಲಿ ಮುಷ್ಟಿ ಬಿಗಿಯುವಾಗ ಐದು ಬೆರಳೂ ಒಟ್ಟಿಗೆ ಬಿಗಿಯುತ್ತವೆ. ತರಬೇತಿ ಪಡೆದ ಪೊಲೀಸರಿಗೇ ಹೀಗಾದರೆ, ವರ್ಷಕ್ಕೆರಡು ಬಾರಿ ರೇಂಜಿಗೆ ಬರುವ ನಮ್ಮ ಪಾಡೇನು? ಆದ್ದರಿಂದ ಗುಂಡು ತೆಗೆದ ಪಿಸ್ತೂಲಿನಲ್ಲಿ, ಕತ್ತಲ ಕೋಣೆಯಲ್ಲಿ, ಹೆಬ್ಬೆರಳಿನಿಂದ ಲೈಟ್ ಹೊತ್ತಿಸಿ ಆರಿಸುವುದನ್ನು ನೂರಾರು ಸಲ ಅಭ್ಯಾಸ ಮಾಡಿ. ಅಭ್ಯಾಸ ಮಾಡಲು ಪುರುಸೊತ್ತಿಲ್ಲವೆನ್ನುವವರು ಪಿಸ್ತೂಲಿಗೆ ಲೈಟ್ ಹಾಕಿಸದಿರುವುದೇ ಲೇಸು.

ಲೇಸರ್ ವಿಷಯಕ್ಕೆ ಬರೋಣ. “ಕೆಂಪು ಚುಕ್ಕಿ ಎದೆ ಮೇಲೆ ಬಿದ್ರೆ ಕಳ್ಳ ಅಲ್ಲೇ ಕೈ ಎತ್ತಿಬಿಡ್ತಾನೆ ಅಲ್ವಾ?” ಎಂದು ಕೇಳುವವರು ಬಹಳ. ಅವನು ತನ್ನ ಎದೆಯನ್ನು ಬಗ್ಗಿ ನೋಡಿಕೊಳ್ಳುತ್ತಾನೆಂಬ ಭರವಸೆಯ ಮೇಲೆ ಹೆಂಡತಿ ಮಕ್ಕಳ ರಕ್ಷಣೆಯನ್ನು ನಿಲ್ಲಿಸಬಾರದು. ಇನ್ನು ಕೆಂಪೋ ಹಸಿರೋ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು 555 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಹಸಿರನ್ನು ಅತಿ ಚೆನ್ನಾಗಿ ಗ್ರಹಿಸುತ್ತದೆ. ಹಸಿರು ಲೇಸರ್ 520ರಿಂದ 532ರ ನಡುವೆ ಇರುತ್ತದೆ, ಕೆಂಪು 635ರಿಂದ 650ರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಒಂದೇ ಶಕ್ತಿಯ ಎರಡರಲ್ಲಿ ಹಸಿರು ಎದ್ದು ಕಾಣುತ್ತದೆ. ಲೇಸರ್ ನಳಿಗೆಗಿಂತ ಸುಮಾರು 3 ಸೆಂಟಿಮೀಟರ್ ಕೆಳಗೆ ಕೂತಿರುವುದರಿಂದ, ಚುಕ್ಕಿ ಮತ್ತು ಗುಂಡು 7 ಮೀಟರ್ ದೂರದಲ್ಲಿ ಒಂದಾಗುವಂತೆ ಹೊಂದಿಸಿದರೆ 14 ಮೀಟರಿನಲ್ಲಿ ಗುಂಡು ಚುಕ್ಕಿಗಿಂತ 3 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಮನೆಯೊಳಗೆ ಇದು ಲೆಕ್ಕಕ್ಕಿಲ್ಲ. ಇದನ್ನು ಹಿಡಿದು ಗಂಟೆಗಟ್ಟಲೆ ವಾದಿಸುವವರ ಜೊತೆ ನಾನು ಕೂರುವುದಿಲ್ಲ.

ಲೇಸರನ್ನು ನಾನು ತೆಗಳುತ್ತಿಲ್ಲ. ಐವತ್ತು ದಾಟಿ, ಪಿಸ್ತೂಲಿನ ತುದಿಯಲ್ಲಿ ಗುರಿ ಹಿಡಿಯಲೆಂದು ಇರುವ ಮುಂಗುರಿ ಮಸುಕಾಗಿ ಕಾಣುವವರಿಗೆ, ನೆಲಕ್ಕೆ ಬಿದ್ದು ಪಿಸ್ತೂಲನ್ನು ಕಣ್ಣಿನ ಮಟ್ಟಕ್ಕೆ ಎತ್ತಲಾಗದವರಿಗೆ ಅದು ನಿಜವಾಗಿ ಸಹಾಯಕ. ಗುಂಡಿಲ್ಲದ ಅಭ್ಯಾಸದಲ್ಲಿ ಟ್ರಿಗರ್ ಎಳೆಯುವಾಗ ಚುಕ್ಕಿ ಎಷ್ಟು ಜಿಗಿಯುತ್ತದೆಂದು ನೋಡಿದರೆ ನಿಮ್ಮ ತಪ್ಪು ನಿಮಗೇ ಕಾಣುತ್ತದೆ. ಅಷ್ಟು ಒಳ್ಳೆಯ ಗುರು ಬೇರೆ ಇಲ್ಲ. ಆದರೆ ಹೊಸಬರು ಗೋಡೆಯ ಮೇಲೆ ನಡುಗುವ ಚುಕ್ಕಿಯನ್ನು ಅಟ್ಟಿಸಿಕೊಂಡು ಹೋಗಿ, ಅದು ಸರಿಯಾದ ಜಾಗಕ್ಕೆ ಬಂದ ಕ್ಷಣವೇ ಟ್ರಿಗರನ್ನು ಥಟ್ಟನೆ ಎಳೆದು ಗುರಿ ತಪ್ಪುತ್ತಾರೆ. ಅದಕ್ಕೂ ಮಿಗಿಲಾದ ದೋಷವೊಂದಿದೆ. ಲೇಸರ್ ನಿಮ್ಮ ಗುಂಡು ಎಲ್ಲಿಗೆ ಹೋಗುತ್ತದೆಂದು ತೋರಿಸುತ್ತದೆ. ಅಲ್ಲಿ ನಿಂತಿರುವವರು ಯಾರೆಂದು ತೋರಿಸುವುದಿಲ್ಲ.

ಇದನ್ನು ನಾನು ಯಾವುದೇ ತರಗತಿಯಲ್ಲಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಅಮ್ಮ ಊರಿನಿಂದ ಬಂದ ಎರಡನೆಯ ರಾತ್ರಿ, ಮೂರು ಗಂಟೆಯ ಹೊತ್ತಿಗೆ, ಕೆಳಗೆ ಏನೋ ಸರಿದ ಸದ್ದಾಯಿತು. ಆಗ ನನ್ನ ಪಿಸ್ತೂಲಿನಲ್ಲಿ ಲೇಸರ್ ಮಾತ್ರ ಇತ್ತು, ಲೈಟ್ ಇರಲಿಲ್ಲ. ತಿಜೋರಿಯಿಂದ ಅದನ್ನು ತೆಗೆದುಕೊಂಡು ಮೆಟ್ಟಿಲಿನ ತಲೆಯಲ್ಲಿ ನಿಂತೆ. ನಳಿಗೆ ನೆಲದ ಕಡೆಗಿತ್ತು; ಕೆಂಪು ಚುಕ್ಕಿ ನನ್ನ ಪಾದದ ಮುಂದೆ ಕಾರ್ಪೆಟ್ಟಿನ ಮೇಲೆ ನಡುಗುತ್ತಿತ್ತು. ಅಡುಗೆಮನೆಯ ಕತ್ತಲಲ್ಲಿ ಒಂದು ಆಕಾರ ಅಲ್ಲಾಡುತ್ತಿತ್ತು. ಕಲಿಸಿದ್ದಂತೆಯೇ ಗಟ್ಟಿಯಾಗಿ ಎರಡು ಸಲ “ಯಾರದು?” ಎಂದು ಕೂಗಿದೆ, ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಕನ್ನಡದಲ್ಲಿ. ಉತ್ತರವಿಲ್ಲ. ಕೂಗಿದರೂ ಉತ್ತರ ಕೊಡದೆ ಅಲ್ಲಾಡುವ ಆಕಾರವನ್ನು ಮನೆಯವರೆಂದು ಮನಸ್ಸು ನಂಬುವುದಿಲ್ಲ. ಕೈ ಗೋಡೆಯನ್ನು ತಡಕಿ ಸ್ವಿಚ್ ಒತ್ತಿತು.

ಅಮ್ಮ ಕಾಫಿ ಫಿಲ್ಟರ್ ಹಿಡಿದುಕೊಂಡು ನಿಂತಿದ್ದರು. ಮಲಗುವಾಗ ಕಿವಿಯ ಮೆಷಿನ್ನನ್ನು ತೆಗೆದಿಟ್ಟಿದ್ದರಿಂದ ನಾನು ಕೂಗಿದ್ದು ಅವರಿಗೆ ಕೇಳಿಸಿರಲೇ ಇಲ್ಲ. ಊರಿನಲ್ಲಿ ಆಗ ಮಧ್ಯಾಹ್ನ. ನಿದ್ದೆ ಬಾರದೆ ಎದ್ದು ಬಂದಿದ್ದರು, ಮಕ್ಕಳಿಗೆ ಎಚ್ಚರವಾದೀತೆಂದು ದೀಪ ಹಾಕಿರಲಿಲ್ಲ. ತಿರುಗಿ ನೋಡಿ, “ನಿಂಗೂ ನಿದ್ದೆ ಬರ್ಲಿಲ್ವೇನಾ?” ಎಂದರು. ನಾನು ಪಿಸ್ತೂಲನ್ನು ತೊಡೆಯ ಹಿಂದಕ್ಕೆ ಮಾಡಿಕೊಂಡು, ಇಲ್ಲವೆಂದೆ. ಅವರಿಗೆ ಇಂದಿಗೂ ಹೇಳಿಲ್ಲ.

ಆಮೇಲೆ ನನಗೆ ನೆನಪಾದದ್ದು ಅಜ್ಜ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೇಪಿನ ಕೋವಿಯೊಂದಿತ್ತು. ಗದ್ದೆಗೆ ಹಂದಿ ನುಗ್ಗುವ ಕಾಲದಲ್ಲಿ ಅಕ್ಕಪಕ್ಕದವರು ಟಾರ್ಚನ್ನು ಟ್ಯೂಬಿನ ರಬ್ಬರಿನಿಂದ ನಳಿಗೆಗೇ ಬಿಗಿದುಕೊಂಡು ಹೋಗುತ್ತಿದ್ದರು. ಅಜ್ಜ ಮಾತ್ರ ಕಟ್ಟುತ್ತಿರಲಿಲ್ಲ. ಮೂರು ಸೆಲ್ಲಿನ ಟಾರ್ಚನ್ನು ನನ್ನ ಕೈಗೆ ಕೊಟ್ಟು, ತಾನು ಕೋವಿಯನ್ನು ಆಕಾಶಕ್ಕೆ ಮುಖಮಾಡಿ ಹಿಡಿದು ನಡೆಯುತ್ತಿದ್ದ. ನಳಿಗೆಗೆ ಕಟ್ಟಿದ ಬೆಳಕಿನಿಂದ ಹುಡುಕಿದರೆ ಕಂಡದ್ದಕ್ಕೆಲ್ಲ ಕೋವಿ ಹಿಡಿದಂತೆಯೇ ಸರಿ, ನೀರು ಕಟ್ಟಲು ಹೋದ ಮನುಷ್ಯನೂ ಅದರೊಳಗೆ ಬಂದ, ಎಂಬುದು ಅವನ ವಾದ. ಹಂದಿಯೆಂದು ಭಾವಿಸಿ ಮನುಷ್ಯರಿಗೆ ಗುಂಡು ಹಾರಿಸಿದ ಸುದ್ದಿ ಮಲೆನಾಡಿನಲ್ಲಿ ಇವತ್ತಿಗೂ ನಿಂತಿಲ್ಲ. ಅರಿಜೋನಾದಲ್ಲಿ 1976ರಲ್ಲಿ ಗನ್‌ಸೈಟ್ ಶಾಲೆಯನ್ನು ಕಟ್ಟಿದ ಜೆಫ್ ಕೂಪರ್ ಅವರ ನಾಲ್ಕು ಸುರಕ್ಷತಾ ನಿಯಮಗಳನ್ನು ಅಮೆರಿಕದ ಅನೇಕ ರೇಂಜುಗಳಲ್ಲಿ ಹೇಳಿಕೊಡುತ್ತಾರೆ. ನಾಶಮಾಡಲು ಸಿದ್ಧವಿಲ್ಲದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬೇಡ ಎನ್ನುವುದು ಅವುಗಳಲ್ಲಿ ಎರಡನೆಯದು. ಗುರಿ ಏನೆಂದು, ಅದರ ಹಿಂದೆ ಏನಿದೆಯೆಂದು ಖಚಿತಪಡಿಸಿಕೊ ಎನ್ನುವುದು ನಾಲ್ಕನೆಯದು. ಇಂಗ್ಲಿಷಿನ ಒಂದಕ್ಷರ ತಿಳಿಯದ ಅಜ್ಜ ಈ ಎರಡನ್ನೂ ಗದ್ದೆಯ ಬದುವಿನ ಮೇಲೆ ಪಾಲಿಸುತ್ತಿದ್ದ.

ಹಾಗಾಗಿ ಯಾವ ಲೈಟ್ ಎಂದು ಕೇಳುವ ಬದಲು, ಕತ್ತಲಲ್ಲಿ ನಿಂತವರು ಯಾರೆಂದು ತಿಳಿಯುವುದು ಹೇಗೆ ಎಂದು ಯಾರಾದರೂ ಕೇಳಿದ್ದರೆ ನಾನು ಸಂತೋಷದಿಂದ ಒಂದು ಗಂಟೆ ಮಾತಾಡುತ್ತಿದ್ದೆ. ಮೊದಲು ಬೇಕಾದದ್ದು ಹಾಸಿಗೆಯ ಪಕ್ಕದಲ್ಲಿ ಒಂದು ಒಳ್ಳೆಯ ಕೈಟಾರ್ಚು. ಹುಡುಕುವುದು, ನೋಡುವುದು, ಗುರುತಿಸುವುದು ಎಲ್ಲವೂ ಅದರ ಕೆಲಸ. ಅದನ್ನು ಯಾರ ಮುಖಕ್ಕೆ ಬೇಕಾದರೂ ಹಿಡಿಯಬಹುದು, ಮಗನ ಮುಖಕ್ಕೂ. ಪಿಸ್ತೂಲಿನ ಲೈಟು ಎರಡನೆಯದು. ಅಪಾಯ ಖಚಿತವಾದ ಮೇಲೆ ಎರಡೂ ಕೈಯಿಂದ ಪಿಸ್ತೂಲನ್ನು ಹಿಡಿಯಬೇಕಾಗಿ ಬಂದಾಗ, ಅಥವಾ ಒಂದು ಕೈಯಲ್ಲಿ ಮಗುವೋ ಫೋನೋ ಇದ್ದಾಗ, ಅದು ನೆರವಿಗೆ ಬರುತ್ತದೆ. ಆಗಲೂ ನಳಿಗೆಯನ್ನು ನೆಲಕ್ಕೆ ಮಾಡಿ ಹೊತ್ತಿಸಿದರೆ ನೆಲಕ್ಕೆ ಬಡಿದು ಚೆಲ್ಲುವ ಬೆಳಕಿನಲ್ಲೇ ಕೋಣೆಯಲ್ಲಿರುವವರ ಮುಖ ಕಾಣುತ್ತದೆ. ಯಾರ ಎದೆಗೂ ಗುರಿಯಿಡುವ ಅಗತ್ಯವಿಲ್ಲ. ಸದ್ದು ಕೇಳಿದೊಡನೆ ಕೆಳಗಿಳಿದು ಹುಡುಕಾಡುವುದಕ್ಕಿಂತ, ಮನೆಯವರೆಲ್ಲ ಎಲ್ಲಿದ್ದಾರೆಂದು ಎಣಿಸಿ, ಒಂದು ಕೋಣೆಯಲ್ಲಿ ಸೇರಿ, ಬಾಗಿಲು ಹಾಕಿ, 911ಕ್ಕೆ ಕರೆ ಮಾಡುವುದು ಉತ್ತಮ. ಆ ರಾತ್ರಿ ನಾನು ಎಣಿಸಲಿಲ್ಲ. ಎಣಿಸಿದ್ದರೆ ಕೆಳಗಿನ ಕೋಣೆಯ ಹಾಸಿಗೆ ಖಾಲಿಯಿದೆಯೆಂದು ಗೊತ್ತಾಗುತ್ತಿತ್ತು.

ಮಕ್ಕಳಿರುವ ಮನೆಯವರು ಲೈಟಿಗೆ ಖರ್ಚು ಮಾಡುವ ಮುನ್ನ ತಿಜೋರಿಗೆ ಖರ್ಚು ಮಾಡಬೇಕು. ಗುಂಡು ತುಂಬಿದ ಬಂದೂಕು ಹದಿನೇಳು ತುಂಬದ ಮಗುವಿನ ಕೈಗೆ ಸಿಗುವಂತೆ ಅಜಾಗರೂಕವಾಗಿ ಇಡುವುದು ಟೆಕ್ಸಸ್‌ನಲ್ಲಿ ಅಪರಾಧ. ಲೈಟಿನ ಸ್ವಿಚ್ಚು, ಲೇಸರಿನ ಚುಕ್ಕಿ ಎರಡೂ ಮಕ್ಕಳಿಗೆ ಆಟಿಕೆಯಂತೆ ಕಾಣುತ್ತವೆ ಎಂಬುದನ್ನು ಮರೆಯಬೇಡಿ.

ಸೆಲ್ಲುಗಳನ್ನು ನಾನು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಬದಲಿಸುತ್ತೇನೆ. ಗುಂಡು ತುಂಬುವ ಮ್ಯಾಗಜೀನ್ ತೆಗೆದು, ನಳಿಗೆಯ ಬುಡದಲ್ಲಿ ಗುಂಡು ಕೂರುವ ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟ ಮೇಲೆಯೇ ಆ ಕೆಲಸ. ಮೊದಲು ಹಾಸಿಗೆಯ ಪಕ್ಕದ ಟಾರ್ಚಿಗೆ ಹೊಸ ಸೆಲ್ಲು, ನಂತರ ಪಿಸ್ತೂಲಿನ ಲೈಟಿಗೆ. ಕೊನೆಗೆ ಮೆಟ್ಟಿಲ ಕೆಳಗೂ ಅಡುಗೆಮನೆಯ ಬಾಗಿಲಲ್ಲೂ ಅಂಟಿಸಿರುವ, ಯಾರಾದರೂ ನಡೆದರೆ ತಾನಾಗಿ ಹೊತ್ತಿಕೊಳ್ಳುವ ಎರಡು ಪುಟ್ಟ ದೀಪಗಳಿಗೆ. ಅಮ್ಮ ಮತ್ತೆ ಮಾರ್ಚ್‌ನಲ್ಲಿ ಬರುತ್ತಿದ್ದಾರೆ.